ಪೆನುಕೊಂಡದ ಗಗನ ಮಹಲನ್ನು ನೋಡುವ ಬಗೆ, ತಿಮ್ಮರಸನ ಐತಿಹ್ಯವನ್ನು ಕೇಳುವ ಬಗೆ

ಆಂಧ್ರದ ಮಡಕಶಿರಾ, ಹಿಂದೂಪುರ ಸೀಮೆಯ ಕನ್ನಡ ಮನೆಗಳಲ್ಲಿ ಪೆನುಕೊಂಡದ ಮಾತು ಬಂದರೆ ಕೃಷ್ಣದೇವರಾಯನ ಹೆಸರಿನ ಹಿಂದೆಯೇ ಅವನು ‘ಅಪ್ಪಾಜಿ’ ಎಂದು ಕರೆಯುತ್ತಿದ್ದ ಮಂತ್ರಿ ತಿಮ್ಮರಸನ ಹೆಸರೂ ಬರುತ್ತದೆ. ರಾಜಕುಮಾರನಿಗೆ ವಿಷವಿಕ್ಕಿದ ಆರೋಪ ಹೊತ್ತು, ಕಣ್ಣು ಕಳೆದುಕೊಂಡು, ಈ ಕೋಟೆಯ ಸೆರೆಮನೆಯಲ್ಲಿ ಆ ವೃದ್ಧ ಮಂತ್ರಿ ಕೊನೆಯ ದಿನಗಳನ್ನು ಕಳೆದನೆಂಬ ಕಥೆಯನ್ನು ಕೇಳದೆ ಬೆಳೆದವರು ಇಲ್ಲಿ ಕಡಿಮೆ. ಮಕ್ಕಳನ್ನು ಗಗನ ಮಹಲಿಗೆ ಕರೆದೊಯ್ಯುವ ಹಿರಿಯರೂ ಮೇಷ್ಟ್ರುಗಳೂ ಅರಮನೆಯ ಅಂಗಳದಲ್ಲಿ ನಿಂತು ಈ ಕಥೆಯನ್ನೇ ಹೇಳುವುದರಿಂದ, ಎಲ್ಲವೂ ಆ ಗೋಡೆಗಳ ನಡುವೆಯೇ ನಡೆಯಿತೆಂಬ ಭಾವನೆ ಕೇಳುವವರ ಮನಸ್ಸಿನಲ್ಲಿ ಉಳಿಯುತ್ತದೆ. ಕಟ್ಟಡವನ್ನು ಕಟ್ಟಡವಾಗಿ ನೋಡಿ, ಕಥೆಯನ್ನು ಕಥೆಯಾಗಿ ಕೇಳಿ, ಆಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಹಾಗೆ ಮಾಡಿದಾಗಲೇ ಎರಡಕ್ಕೂ ನ್ಯಾಯ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಡುವ ಮುನ್ನ ಮೂರು ಇಸವಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು 1354. ಮೊದಲನೆಯ ಬುಕ್ಕರಾಯನ ಕಾಲದಲ್ಲಿ, ಅವನ ಮಗ ವಿರೂಪಣ್ಣ ಒಡೆಯನು ಈ ಸೀಮೆಯನ್ನು ಆಳುತ್ತಿದ್ದಾಗ ಕೋಟೆ ಕಟ್ಟಿದ್ದನ್ನು ಉತ್ತರದ ಬಾಗಿಲಿನ ಶಾಸನ ತಿಳಿಸುತ್ತದೆ. ಎರಡನೆಯದು 1565. ತಾಳಿಕೋಟೆಯ ಯುದ್ಧದಲ್ಲಿ ಅಳಿಯ ರಾಮರಾಯನು ಮಡಿದ ಮೇಲೆ ಅವನ ತಮ್ಮ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಕೊಂಡು ಹಂಪಿಯನ್ನು ಬಿಟ್ಟನು. ಮುಂದೆ ರಾಜಧಾನಿ ಪೆನುಕೊಂಡಕ್ಕೆ ಬಂದಿತು, ಅರವೀಡು ಮನೆತನದ ಆಳ್ವಿಕೆಯೂ ಅವನಿಂದಲೇ ಆರಂಭವಾಯಿತು. ಮೂರನೆಯದು 1592ರ ಆಸುಪಾಸು. 1589ರಲ್ಲಿ ಗೋಲ್ಕೊಂಡದ ಸೈನ್ಯ ಹಾಕಿದ ಮುತ್ತಿಗೆಯನ್ನು ಪೆನುಕೊಂಡ ತಡೆದುಕೊಂಡಿತಾದರೂ ಮುಂದೆ ವೆಂಕಟಪತಿರಾಯನು ರಾಜಧಾನಿಯನ್ನು ಚಂದ್ರಗಿರಿಗೆ ಒಯ್ದನು. ಪೆನುಕೊಂಡವು ಪ್ರಾಂತ್ಯದ ಕೇಂದ್ರವಾಗಿದ್ದ ಕಾಲ ಬಹಳ ಉದ್ದದ್ದು, ಸಾಮ್ರಾಜ್ಯದ ರಾಜಧಾನಿಯಾಗಿದ್ದ ಕಾಲ ಚಿಕ್ಕದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕೃಷ್ಣದೇವರಾಯನ ಆಳ್ವಿಕೆ 1509ರಿಂದ 1529ರವರೆಗಿನದು. ಅಂದರೆ ಅವನ ದಿನಗಳಲ್ಲಿ ರಾಜಧಾನಿ ಹಂಪಿಯೇ ಆಗಿತ್ತು.

ಹಿಂದೂಪುರದಿಂದ ಪೆನುಕೊಂಡಕ್ಕೆ ರೈಲೂ ಇದೆ, ಬಸ್ಸೂ ಇದೆ. ಬಂಡೆಗಳ ಊರಾದ್ದರಿಂದ ಬಿಸಿಲು ಬೇಗ ಏರುತ್ತದೆ. ಬೆಳಿಗ್ಗೆಯೇ ತಲುಪುವುದು ಒಳ್ಳೆಯದು. ಬೆಟ್ಟ ಹತ್ತುವ ಆಸೆಯಿದ್ದರೆ ಅದನ್ನು ಮೊದಲು ಮುಗಿಸಿ, ಬುಡದಲ್ಲಿರುವ ಅರಮನೆಯನ್ನು ಆಮೇಲೆ ನೋಡಬಹುದು.

ಗಗನ ಮಹಲಿನ ಎದುರು ಬಂದ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಸ್ವಲ್ಪ ದೂರ ನಿಂತು, ಸಾಧ್ಯವಾದಷ್ಟು ಸುತ್ತ ನಡೆದು, ಕೆಳಗಿನ ಅಂತಸ್ತು, ಮೇಲಿನ ಅಂತಸ್ತು, ಅದರ ಮೇಲೇರಿದ ಗೋಪುರ ಈ ಮೂರನ್ನೂ ಬೇರೆಬೇರೆಯಾಗಿ ಗಮನಿಸಬೇಕು. ಕಮಾನುಗಳು ಸುಲ್ತಾನರ ಕಟ್ಟಡಗಳ ಮಾದರಿಯವು. ಮೇಲೆ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಶಿಖರ ದೇವಾಲಯದ ವಿಮಾನದ, ಅಂದರೆ ಗರ್ಭಗುಡಿಯ ಮೇಲಿನ ಗೋಪುರದ, ಪರಂಪರೆಯದು. ಗಾರೆ ಕೆಲಸದಲ್ಲಿ ಈ ಎರಡೂ ಎಲ್ಲಿಯೂ ಜಗಳವಾಡದೆ ಕೂಡಿಕೊಂಡಿರುವುದನ್ನು ನೋಡಿದರೆ, ಸುಲ್ತಾನರೊಂದಿಗೆ ಯುದ್ಧ ನಡೆಯುತ್ತಿದ್ದ ಕಾಲದಲ್ಲಿಯೂ ಅವರ ಕಡೆಯ ವಾಸ್ತುವನ್ನು ವಿಜಯನಗರದ ಅರಸರು ತಮ್ಮ ಅರಮನೆಗಳಿಗೆ ಮೆಚ್ಚಿ ತಂದುಕೊಂಡಿದ್ದರೆಂಬುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಮನದಟ್ಟಾಗುತ್ತದೆ. ಹಂಪಿಯ ಕಮಲ ಮಹಲನ್ನು ನೋಡಿದವರಿಗೆ ಈ ಹೋಲಿಕೆ ಕೂಡಲೇ ಹೊಳೆಯುತ್ತದೆ. ನೋಡದವರು ಅದರ ಚಿತ್ರವೊಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ ಕಮಾನಿಗೆ ಕಮಾನು, ಗೋಪುರಕ್ಕೆ ಗೋಪುರ ಇಟ್ಟು ನೋಡಬಹುದು. ಹಳೆಯ ಗಾರೆಯ ಮೇಲೆ ಇತ್ತೀಚಿನ ದುರಸ್ತಿ ಕಂಡಲ್ಲಿ ಅದನ್ನೂ ಗುರುತಿಸಿಕೊಳ್ಳಿ. ಹೊಸ ತೇಪೆಯನ್ನು ನೋಡಿ ಹಳೆಯ ಶಿಲ್ಪಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು. ಗಾರೆಯನ್ನು ಉಗುರಿನಿಂದ ಕೆರೆದು ಪರೀಕ್ಷಿಸುವ ಅಭ್ಯಾಸವನ್ನು, ಗೋಡೆಯ ಮೇಲೆ ಹೆಸರು ಗೀಚುವ ಅಭ್ಯಾಸದಷ್ಟೇ ಕಟ್ಟುನಿಟ್ಟಾಗಿ, ಮಕ್ಕಳಿಗೆ ಅಲ್ಲಿಯೇ ಬಿಡಿಸಬೇಕು.

ಕಟ್ಟಡವನ್ನು ನೋಡಿದ ಮೇಲೆ ಕಥೆಯ ಕಡೆಗೆ ಬರೋಣ. ಊರಿನಲ್ಲಿ ‘ತಿಮ್ಮರಸನ ಬಂದೀಖಾನೆ’ ಎಂದು ತೋರಿಸುವ ಕಟ್ಟಡವಿದೆ, ಅವನ ಸಮಾಧಿಯೆಂದು ಹೇಳುವ ಜಾಗವೂ ಇದೆ. ಅಲ್ಲಿಯ ಹಿರಿಯರನ್ನು ಮಾತನಾಡಿಸುವಾಗ “ತಿಮ್ಮರಸನನ್ನು ಇಲ್ಲೇ ಕೂಡಿಹಾಕಿದ್ದರಂತೆ, ಹೌದಾ ತಾತಾ?” ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. “ಈ ಜಾಗದ ಬಗ್ಗೆ ನಿಮ್ಮ ದೊಡ್ಡವರು ಏನು ಹೇಳುತ್ತಿದ್ದರು ತಾತಾ?” ಎಂದು ಕೇಳಿ ಸುಮ್ಮನೆ ಕುಳಿತರೆ ಅವರಿಗೆ ಗೊತ್ತಿರುವುದು ಅವರದೇ ಕ್ರಮದಲ್ಲಿ ಹೊರಬರುತ್ತದೆ. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿಯೇ ಬರೆದುಕೊಳ್ಳಿ. ನಮ್ಮ ಸೀಮೆಯವರಿಗೆ ಎರಡೂ ಬರುತ್ತವೆ, ಕನ್ನಡಕ್ಕೆ ತರುವ ಕೆಲಸವನ್ನು ಮನೆಯಲ್ಲಿ ಮಾಡಬಹುದು.

ಹೀಗೆ ಕೇಳಿದ ಕಥೆಯನ್ನು ತೂಗಲು ನಮ್ಮ ಬಳಿ ಹಳೆಯ ಬರಹವೊಂದಿದೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಸ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದು, ಅಲ್ಲಿ ಕೇಳಿದ್ದನ್ನು ಬರೆದಿಟ್ಟನು. ರಾಬರ್ಟ್ ಸೀವೆಲ್ 1900ರಲ್ಲಿ ಅದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ನೂನಿಸ್ ಹೇಳುವಂತೆ, ಕೃಷ್ಣದೇವರಾಯನ ಅಣ್ಣನು ಸಾಯುವ ಹೊತ್ತಿನಲ್ಲಿ ತನ್ನ ಎಳೆಯ ಮಗನಿಗೇ ಪಟ್ಟ ಸಿಗಲೆಂದು ತಮ್ಮನ ಕಣ್ಣುಗಳನ್ನು ಕೀಳಿಸಿ ತರುವಂತೆ ತಿಮ್ಮರಸನಿಗೆ ಆಜ್ಞಾಪಿಸಿದನು. ತಿಮ್ಮರಸು ಆಡಿನ ಕಣ್ಣುಗಳನ್ನು ತಂದು ತೋರಿಸಿ ಕೃಷ್ಣದೇವರಾಯನನ್ನು ಉಳಿಸಿದನು. ಮುಂದೆ ಕೃಷ್ಣದೇವರಾಯನು ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದನು. ಸಂಭ್ರಮದ ದಿನಗಳು ಮುಗಿಯುವ ಮೊದಲೇ ಮಗು ಕಾಯಿಲೆ ಬಿದ್ದು ಸತ್ತಿತು. ತಿಮ್ಮರಸನ ಮಗ ವಿಷವಿಕ್ಕಿದನೆಂಬ ಮಾತು ಅರಸನ ಕಿವಿಗೆ ಬಿದ್ದು, ತಂದೆಮಕ್ಕಳು ಮೂರು ವರ್ಷ ಸೆರೆಯಲ್ಲಿದ್ದರು. ಒಬ್ಬ ಮಗ ತಪ್ಪಿಸಿಕೊಂಡು ದಂಡು ಕಟ್ಟಿದ್ದರಿಂದ, ಅವನನ್ನು ಹಿಡಿತಂದ ಮೇಲೆ ಎಲ್ಲರ ಕಣ್ಣುಗಳನ್ನೂ ಕೀಳಿಸಲಾಯಿತು. ಬ್ರಾಹ್ಮಣರಿಗೆ ಈ ನಾಡಿನಲ್ಲಿ ಮರಣದಂಡನೆ ಇಲ್ಲವೆಂಬ ಕಾರಣವನ್ನೂ ಅವನು ಕೊಡುತ್ತಾನೆ.

ಇಲ್ಲಿ ಓದುಗರು ಎರಡು ಸಂಗತಿಗಳನ್ನು ಗಮನಿಸಬೇಕು. ಕಥೆ ಬರಹಕ್ಕೆ ಇಳಿದದ್ದು ಘಟನೆ ನಡೆದು ಸುಮಾರು ಒಂದು ದಶಕದೊಳಗೆ; ಆದ್ದರಿಂದ ಇದನ್ನು ಬರೀ ಅಜ್ಜಿಕಥೆಯೆಂದು ತಳ್ಳಿಹಾಕಲಾಗದು. ಆದರೆ ಕಣ್ಣು ಉಳಿಸಿದವನೇ ಕಣ್ಣು ಕಳೆದುಕೊಳ್ಳುವ ಈ ಹೊಂದಾಣಿಕೆ ಎಷ್ಟು ಸರಿಯಾಗಿ ಕೂಡಿಕೊಂಡಿದೆಯೆಂದರೆ, ನೂನಿಸನ ಕಿವಿಗೆ ಬೀಳುವ ಮೊದಲೇ ಜನರ ನಾಲಿಗೆ ಅದಕ್ಕೆ ರೂಪ ಕೊಟ್ಟಿತ್ತೆಂದು ನಾನು ನಂಬುತ್ತೇನೆ.

ಅದೇ ಪ್ರವಾಸದಲ್ಲಿ ಲೇಪಾಕ್ಷಿಯನ್ನೂ ಸೇರಿಸಿಕೊಳ್ಳಿ. ಹಿಂದೂಪುರದಿಂದ ಅದು ಸುಮಾರು 15 ಕಿಲೋಮೀಟರ್ ದೂರದಲ್ಲಿದೆ. ಕೃಷ್ಣದೇವರಾಯನ ತಮ್ಮ ಅಚ್ಯುತರಾಯನ ಕಾಲದ ಅಧಿಕಾರಿ ವಿರೂಪಣ್ಣನು ಬೊಕ್ಕಸದ ಹಣವನ್ನು ಅಪ್ಪಣೆಯಿಲ್ಲದೆ ದೇವಾಲಯಕ್ಕೆ ಸುರಿದನೆಂಬ ದೂರಿಗೆ ಅರಸನು ಕಣ್ಣು ಕೀಳಿಸುವ ಶಿಕ್ಷೆ ವಿಧಿಸಲು, ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನೆಂದು ಅಲ್ಲಿ ಕೆಂಪು ಕಲೆಗಳನ್ನು ತೋರಿಸುತ್ತಾರೆ. ಪೆನುಕೊಂಡದ ಶಾಸನದ ವಿರೂಪಣ್ಣನೇ ಬೇರೆ, ಈ ವಿರೂಪಣ್ಣನೇ ಬೇರೆ. ಇಬ್ಬರ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಒಂದೇ ಸೀಮೆಯಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದ ಇಬ್ಬರು ಅಧಿಕಾರಿಗಳಿಗೆ, ತಿಮ್ಮರಸನಿಗೂ ಲೇಪಾಕ್ಷಿಯ ವಿರೂಪಣ್ಣನಿಗೂ, ಒಂದೇ ಶಿಕ್ಷೆಯ ಕಥೆ ಹುಟ್ಟಿಕೊಂಡಿರುವುದನ್ನು ಮಕ್ಕಳ ಮುಂದಿಟ್ಟು, ಅಂಥ ಶಿಕ್ಷೆ ನಿಜವಾಗಿಯೂ ರೂಢಿಯಲ್ಲಿತ್ತೋ, ಒಂದು ಕಥೆಯನ್ನು ನೋಡಿ ಇನ್ನೊಂದು ಬೆಳೆಯಿತೋ ಎಂದು ಅವರಿಂದಲೇ ಚರ್ಚೆ ಮಾಡಿಸಿದರೆ, ಪಾಠದ ಪುಸ್ತಕ ಕೊಡದ ತಿಳಿವಳಿಕೆ ಅವರಿಗೆ ದಕ್ಕುತ್ತದೆ.

ಮನೆಗೆ ಬಂದ ಮೇಲೆ ಟಿಪ್ಪಣಿಯನ್ನು ಬರೆಯುವಾಗ ಕಣ್ಣಿಂದ ಕಂಡದ್ದು, ಬಾಯಿಂದ ಕೇಳಿದ್ದು, ಬರಹದಲ್ಲಿ ಓದಿದ್ದು ಎಂದು ಬೇರೆಬೇರೆ ಪುಟಗಳನ್ನು ಇಟ್ಟುಕೊಳ್ಳಿ. “ತಿಮ್ಮರಸನನ್ನು ಇಲ್ಲಿ ಸೆರೆಯಲ್ಲಿಟ್ಟಿದ್ದರು” ಎಂಬ ವಾಕ್ಯ ಎರಡನೆಯ ಪುಟಕ್ಕೆ ಸೇರಿದ್ದು, ಅದನ್ನು “ಎಂದು ಊರಿನವರು ಹೇಳುತ್ತಾರೆ” ಎಂದೇ ಮುಗಿಸಬೇಕು. ಕಥೆ ಹೇಳಿದವರ ಒಪ್ಪಿಗೆ ಪಡೆದು ಧ್ವನಿಯನ್ನು ಮುದ್ರಿಸಿಕೊಂಡಿದ್ದರೆ ಅದರ ಪ್ರತಿಯೊಂದನ್ನು ಅವರ ಮನೆಯವರಿಗೂ ಕಳುಹಿಸಿಕೊಡಿ. ಮುಂದಿನ ಬಾರಿ ಅದೇ ಅಂಗಳಕ್ಕೆ ಬೇರೆ ಮಕ್ಕಳನ್ನು ಕರೆದೊಯ್ದಾಗ, ಕಥೆಯ ಉಳಿದ ಭಾಗವನ್ನು ಕೇಳಲು ಅದೇ ಮನೆಯ ಬಾಗಿಲಿಗೆ ಹೋಗಬೇಕಾಗುತ್ತದೆ.