ಕನ್ಸಲ್ಟೆಂಟ್‌ಗಳ ರಾಶಿಯೊಳಗಿಂದ ಒಂದು ಎಂಬಿಎ ಸೀಟು: ನನ್ನ ಅನುಭವ

ಕಂಪನಿಗಳಿಗೆ ಸಲಹೆ ಕೊಡುವ ಕನ್ಸಲ್ಟಿಂಗ್ ಕೆಲಸಕ್ಕೆ ಸೇರಿ ಮೂರು ವರ್ಷವೂ ತುಂಬಿರಲಿಲ್ಲ, ಆಗಲೇ ಎಂಬಿಎ ಅರ್ಜಿಗೆ ಕೂತೆ. ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: "ನಮ್ಮ ಕಂಪನಿ ಹೆಸರಿದ್ದರೆ ಸಾಕು, ಹಾರ್ವರ್ಡ್ ತಪ್ಪಿದರೆ ವಾರ್ಟನ್." ಕಂಪನಿ ಹೆಸರು ಅರ್ಜಿಯನ್ನು ಗಮನವಿಟ್ಟು ಓದುವಂತೆ ಮಾಡುತ್ತದೆ, ಅಷ್ಟೇ. ಹಾರ್ವರ್ಡ್‌ನಲ್ಲಿ ವರ್ಷಕ್ಕೆ ಸುಮಾರು 930 ಸೀಟು, ಸ್ಟ್ಯಾನ್‌ಫರ್ಡ್‌ನಲ್ಲಿ ಅದರ ಅರ್ಧವೂ ಇಲ್ಲ. ಎರಡೂ ಕಡೆ ಕನ್ಸಲ್ಟಿಂಗ್‌ನಿಂದ ಬಂದವರು ಹೆಚ್ಚುಕಡಿಮೆ ಆರರಲ್ಲೊಂದು ಪಾಲು. ಇದನ್ನು ಓದಿ ಖುಷಿಪಡುವ ಮೊದಲು, ಆ ಪಾಲಿಗೆ ಕೈಚಾಚಿ ನಿಂತಿರುವ ಕನ್ಸಲ್ಟೆಂಟ್‌ಗಳು ಎಷ್ಟಿರಬಹುದು ಅಂತ ಯೋಚಿಸಬೇಕು. ನನ್ನ ಪೈಪೋಟಿ ಸೈನ್ಯದಿಂದ ಬಂದ ಕ್ಯಾಪ್ಟನ್ ಜೊತೆ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ನನ್ನಂಥದೇ ಸ್ಲೈಡ್ ತಿದ್ದುತ್ತಿದ್ದವನ ಜೊತೆ ಇತ್ತು.

ಎಂಬಿಎ ಪ್ರವೇಶ ಪರೀಕ್ಷೆಯಾದ ಜಿಮ್ಯಾಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈಗಿನ ಪರೀಕ್ಷೆ 2 ಗಂಟೆ 15 ನಿಮಿಷದ್ದು, ಮೂರು ವಿಭಾಗ, ಅಂಕ 205ರಿಂದ 805ರವರೆಗೆ. ಹಳೆಯ ಪರೀಕ್ಷೆಯ 700 ಅಂದರೆ ಈಗ 645ರ ಆಸುಪಾಸು, ಹಾಗಾಗಿ ಸೀನಿಯರ್‌ಗಳ ಹಳೆಯ ಅಂಕ ಕೇಳಿ ಕಂಗಾಲಾಗಬೇಡಿ. ನಮ್ಮ ಗುಂಪಿನಲ್ಲಿ ಎಲ್ಲರದ್ದೂ ಒಳ್ಳೆಯ ಅಂಕವೇ. ಕಡಿಮೆ ಬಂದರೆ ಪೆಟ್ಟು ಬೀಳುತ್ತದೆ. ಜಾಸ್ತಿ ಬಂತು ಅಂತ ಯಾರೂ ಮಣೆ ಹಾಕುವುದಿಲ್ಲ.

ನಿಜವಾದ ಕೆಲಸ ಶುರುವಾಗಿದ್ದು ರೆಸ್ಯೂಮೆಯಲ್ಲಿ. ಮೊದಲ ಕರಡಿನಲ್ಲಿ "ಆಸ್ಪತ್ರೆ ಸಮೂಹವೊಂದರ ಕಾರ್ಯಕ್ಷಮತೆ ಹೆಚ್ಚಿಸಲು ನೆರವಾದೆ" ಅಂತಿತ್ತು. ಗ್ರಾಹಕರ ಹೆಸರು ಹಾಕುವಂತಿಲ್ಲ, ತಂಡದ ಕೆಲಸವನ್ನು ಒಬ್ಬನದ್ದು ಅನ್ನುವಂತಿಲ್ಲ, ಹೀಗಾಗಿ ನಾವು ಬರೆಯುವುದೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತದೆ. ಆ ಪ್ರಾಜೆಕ್ಟ್‌ನಲ್ಲಿ ನಾನಿಲ್ಲದಿದ್ದರೆ ಏನು ಬೇರೆ ಆಗುತ್ತಿತ್ತು ಅಂತ ನನ್ನನ್ನೇ ಕೇಳಿಕೊಂಡೆ. ಉತ್ತರ ಒಂದೇ ಒಂದು ಸಿಕ್ಕಿತು. ಬೆಳಿಗ್ಗೆ ಡಿಸ್ಚಾರ್ಜ್ ಬರೆಸಿಕೊಂಡ ರೋಗಿ ಮನೆಗೆ ಹೊರಡುವಾಗ ಸಂಜೆಯಾಗುತ್ತಿತ್ತು. ಬಿಲ್ಲಿಂಗ್‌ನಲ್ಲಿ ತಡ ಅಂತ ಡೇಟಾ ಹೇಳುತ್ತಿತ್ತು. ಬಿಲ್ಲಿಂಗ್‌ಗೆ ಇನ್ನಷ್ಟು ಸಿಬ್ಬಂದಿ ಬೇಕು ಅನ್ನುವ ಸ್ಲೈಡೂ ತಯಾರಾಗಿತ್ತು. ನಾನು ವಾರ್ಡಿನ ಕೌಂಟರ್ ಪಕ್ಕ ನಿಂತು ನೋಡಿದೆ. ಬಳಸದೆ ಉಳಿದ ಔಷಧಿ ವಾಪಸ್ಸು ಫಾರ್ಮಸಿಗೆ ಹೋಗುವವರೆಗೆ ಬಿಲ್ ಮುಗಿಯುವುದಿಲ್ಲ, ಆ ಟ್ರೇ ಕೆಳಗಿಳಿಯುತ್ತಿದ್ದದ್ದು ಮಧ್ಯಾಹ್ನ ಒಂದೇ ಸಲ. ಮ್ಯಾನೇಜರ್ ಜೊತೆ ವಾದ ಮಾಡಿ ಆ ಸ್ಲೈಡ್ ತೆಗೆಸಿದೆ. ಅರ್ಜಿಯ ಜೊತೆ ಕಳಿಸುವ ಪ್ರಬಂಧದಲ್ಲಿ ಇದನ್ನೇ ಬರೆದೆ. ಕೋಟಿಗಳ ಲೆಕ್ಕವಿದ್ದ ಬೇರೆ ಪ್ರಾಜೆಕ್ಟ್‌ಗಳಿದ್ದವು, ಅವನ್ನು ಬಿಟ್ಟೆ. ಕೋಟಿಗಳನ್ನು ಉಳಿಸಿದ್ದು ಪಾರ್ಟ್‌ನರ್, ಅಂದರೆ ಕಂಪನಿಯ ಹಿರಿಯ ಪಾಲುದಾರರು, ನಾನಲ್ಲ, ಮತ್ತು ಓದುವವರಿಗೆ ಅದು ಗೊತ್ತಿರುತ್ತದೆ.

ಶಿಫಾರಸು ಪತ್ರಕ್ಕೆ ಬಹಳಷ್ಟು ಜನ ದೊಡ್ಡ ಹುದ್ದೆಯವರ ಹಿಂದೆ ಬೀಳುತ್ತಾರೆ. ಪಾರ್ಟ್‌ನರ್ ನನ್ನನ್ನು ಕಂಡಿದ್ದೇ ಫೋನ್ ಕರೆಗಳಲ್ಲಿ. ಹಲವು ಶಾಲೆಗಳ ಫಾರಂ ಕೇಳುವುದು ಮುಖ್ಯವಾಗಿ ಎರಡು ಪ್ರಶ್ನೆ: ಇಂಥದೇ ಕೆಲಸ ಮಾಡುವ ಇತರರಿಗೆ ಹೋಲಿಸಿದರೆ ಈತ ಹೇಗೆ, ಮತ್ತು ನೀವು ಈತನಿಗೆ ತಿದ್ದಿಕೊಳ್ಳಲು ಹೇಳಿದ್ದೇನು, ಅದಕ್ಕೆ ಈತ ಏನು ಮಾಡಿದ. ಎರಡನೆಯದಕ್ಕೆ ದಿನಾ ಜೊತೆಗಿದ್ದವರಷ್ಟೇ ಉತ್ತರಿಸಬಲ್ಲರು. ಹಾಗಾಗಿ ಪ್ರಾಜೆಕ್ಟ್ ಮ್ಯಾನೇಜರ್‌ರನ್ನೇ ಕೇಳಿದೆ. "ಗ್ರಾಹಕರ ಹಿರಿಯರೆದುರು ನೀನು ಬಾಯಿ ಬಿಡುತ್ತಿರಲಿಲ್ಲ, ಅದನ್ನೇ ಬರೆಯುತ್ತೇನೆ" ಅಂದರು. ಬರೆಯಿರಿ ಅಂದೆ. ಬರೀ ಹೊಗಳಿಕೆಯ ಪತ್ರಗಳು ಬೇರೆಯವರ ಕಡತದಲ್ಲಿ ಬೇಕಾದಷ್ಟಿರುತ್ತವೆ.

ವಯಸ್ಸಿನ ಪ್ರಶ್ನೆ ತಪ್ಪಿದ್ದಲ್ಲ. ಈ ಶಾಲೆಗಳಲ್ಲಿ ಸರಾಸರಿ ಅನುಭವ ಐದು ವರ್ಷದ ಹತ್ತಿರ, ಫ್ರಾನ್ಸಿನ ಇನ್‌ಸಿಯಾಡ್ ಶಾಲೆಯಲ್ಲಿ ಇನ್ನೂ ತುಸು ಮೇಲೆ. ಕಾಲೇಜಿನ ಕೊನೆಯ ವರ್ಷದವರಿಗೆ ಹಾರ್ವರ್ಡ್‌ನ 2+2 ಇದೆ, ಸೀಟು ಮೊದಲೇ ಸಿಕ್ಕಿ ಕೆಲವು ವರ್ಷ ದುಡಿದ ಮೇಲೆ ಸೇರುವ ದಾರಿ; ನಾನು ಆ ಬಾಗಿಲು ದಾಟಿ ಬಂದಾಗಿತ್ತು. ಅತ್ತ ವಿದ್ಯಾರ್ಥಿಯಲ್ಲ, ಇತ್ತ ಐದು ವರ್ಷ ಪಳಗಿದವನೂ ಅಲ್ಲ. ಸಂದರ್ಶನದಲ್ಲಿ "ಈಗಲೇ ಯಾಕೆ, ಎರಡು ವರ್ಷ ಬಿಟ್ಟು ಯಾಕಲ್ಲ?" ಅಂತ ಕೇಳಿಯೇ ಕೇಳಿದರು. ಕನ್ಸಲ್ಟಿಂಗ್‌ನ ಬಡ್ತಿ ಸರಪಳಿಯಲ್ಲಿ ಎಲ್ಲರೂ ಎಂಬಿಎಗೆ ಹೊರಡುವ ಹೊತ್ತು ಇದು ಅನ್ನುವುದು ನಿಜವಾದರೂ ಉತ್ತರವಲ್ಲ. ಆಸ್ಪತ್ರೆಗಳನ್ನು ನಡೆಸುವ ಕೆಲಸಕ್ಕೆ ಇಳಿಯಬೇಕು, ಸಲಹೆ ಕೊಡುತ್ತಾ ಇನ್ನೆರಡು ವರ್ಷ ಕಳೆದರೆ ನಾನು ಇನ್ನೂ ಒಳ್ಳೆಯ ಸಲಹೆಗಾರನಾಗುತ್ತೇನೆಯೇ ಹೊರತು ಸಿಬ್ಬಂದಿಯನ್ನು ನಡೆಸಲು ಕಲಿಯುವುದಿಲ್ಲ ಅಂದೆ.

ವಾರ್ಟನ್‌ನ ಸಂದರ್ಶನದ ಭಾಗವಾದ ಗುಂಪು ಚರ್ಚೆಗೆ ಹೋಗುವ ಕನ್ಸಲ್ಟೆಂಟ್‌ಗಳಿಗೆ ಒಂದು ಕಿವಿಮಾತು: ಸಮಸ್ಯೆ ಬಿಡಿಸುವ ಸಿದ್ಧ ಫ್ರೇಮ್‌ವರ್ಕ್ ಹಿಡಿದು ಮೊದಲ ನಿಮಿಷದಲ್ಲೇ ಯಜಮಾನಿಕೆಗೆ ಹೊರಡಬೇಡಿ. ಅಲ್ಲಿ ಇನ್ನಿಬ್ಬರು ಕನ್ಸಲ್ಟೆಂಟ್‌ಗಳು ಅದನ್ನೇ ಮಾಡಲು ಕಾದಿರುತ್ತಾರೆ.

ಫಲಿತಾಂಶ ಮಿಶ್ರವಾಗಿತ್ತು. ಒಂದು ಶಾಲೆ ಸಂದರ್ಶನಕ್ಕೂ ಕರೆಯಲಿಲ್ಲ, ಒಂದು ವೇಟ್‌ಲಿಸ್ಟ್‌ನಲ್ಲಿ ಇಟ್ಟಿತು, ಒಂದು ಸೀಟು ಕೊಟ್ಟಿತು. ಈಗ ಅಲ್ಲೇ ಓದುತ್ತಿದ್ದೇನೆ.

ದುಡ್ಡಿನ ವಿಷಯದಲ್ಲಿ ಒಂದು ಇಕ್ಕಟ್ಟಿದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ಕನ್ಸಲ್ಟಿಂಗ್ ಕಂಪನಿಗಳು ಕೆಲವರ ಫೀಸು ಕಟ್ಟುತ್ತವೆ, ಬದಲಿಗೆ ಓದು ಮುಗಿಸಿ ಸಾಮಾನ್ಯವಾಗಿ ಎರಡು ವರ್ಷ ವಾಪಸ್ ಬಂದು ದುಡಿಯಬೇಕು. ಒಂದು ಕೈಯಲ್ಲಿ ಆ ಕರಾರಿಗೆ ಸಹಿ, ಇನ್ನೊಂದು ಕೈಯಲ್ಲಿ "ಕನ್ಸಲ್ಟಿಂಗ್ ಬಿಟ್ಟು ಆಸ್ಪತ್ರೆಗೆ ಹೋಗುತ್ತೇನೆ" ಅನ್ನುವ ಪ್ರಬಂಧ! ನಾನು ಮುಚ್ಚಿಡಲಿಲ್ಲ. ಮೊದಲ ಎರಡು ವರ್ಷ ಅದೇ ಕಂಪನಿಯ ಆರೋಗ್ಯ ವಿಭಾಗ, ಆಮೇಲೆ ಆಸ್ಪತ್ರೆಯ ಆಡಳಿತ ಅಂತ ಅರ್ಜಿಯಲ್ಲೇ ಬರೆದೆ. ಸೀಟು ಕೊಟ್ಟ ಶಾಲೆಯ ಸಂದರ್ಶಕರು ಈ ಸಾಲಿನ ಮೇಲೇ ಬೆರಳಿಟ್ಟು, "ಕಂಪನಿ ನಿಮ್ಮನ್ನು ಬೇರೆ ವಿಭಾಗಕ್ಕೆ ಹಾಕಿದರೆ?" ಅಂದರು. ಫೀಸಿನಷ್ಟು ದುಡ್ಡು ತಿರುಗಿಸಿ ಕೊಟ್ಟು ಹೊರಬರಲು ಎಷ್ಟು ವರ್ಷ ಹಿಡಿಯುತ್ತದೆ ಅಂತ ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಆ ಲೆಕ್ಕವನ್ನೇ ಹೇಳಿದೆ.