ಅರಗಿನ ತಟ್ಟೆಗೊಂದು ಮುಳ್ಳು, ವಿನೈಲಿಗೆ ಇನ್ನೊಂದು

ನನ್ನ ಗ್ರಾಮಫೋನ್ ರೆಕಾರ್ಡುಗಳ ಕಪಾಟಿನಲ್ಲಿ ಹಿಂದೂಸ್ತಾನಿಯ ಪಕ್ಕ ಜಾಜ್ ಇದೆ, ಅದರ ಪಕ್ಕ ಕನ್ನಡ ಸಿನಿಮಾದ ಇಪಿಗಳು (ಸಣ್ಣ ವಿನೈಲ್ ತಟ್ಟೆಗಳು), ಕೆಳಖಾನೆಯಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಗಳು. ಸಂಗೀತ ಎಷ್ಟು ಬಗೆಯದಾದರೂ ಪರವಾಗಿಲ್ಲ, ಕಾಟ ಕೊಡುವುದು ತಟ್ಟೆಯ ಬಗೆ. 78ರದ್ದು ಅರಗು, ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ವಿನೈಲು. ಮುಳ್ಳು, ವೇಗ, ತೊಳೆಯುವ ನೀರು ಎಲ್ಲವೂ ಬೇರೆ.

ಸಿಕ್ಕಿದ್ದನ್ನೆಲ್ಲ ಕೊಂಡರೆ ಗುಜರಿ ಅಂಗಡಿಯಾಗುತ್ತದೆ. ಅದಕ್ಕೇ ನಾನು ಒಂದು ಎಳೆ ಹಿಡಿದು ಕೊಳ್ಳುತ್ತೇನೆ. ಮೈಸೂರನ್ನೇ ತೆಗೆದುಕೊಳ್ಳಿ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿದ ಠುಮ್ರಿ ಗಾಯಕಿ ಗೌಹರ್ ಜಾನ್ ತೀರಿಕೊಂಡದ್ದು 1930ರ ಜನವರಿಯಲ್ಲಿ, ಮೈಸೂರಿನಲ್ಲಿ. ಚೌಡಯ್ಯನವರ ಪಿಟೀಲು, ದೊರೆಸ್ವಾಮಿ ಅಯ್ಯಂಗಾರರ ವೀಣೆ ಅದೇ ಊರಿನವು. 1940ರ ದಶಕದ ಕೊನೆಗೆ ಜಯಚಾಮರಾಜ ಒಡೆಯರು ಹಣ ಕೊಟ್ಟು ರಷ್ಯದ ಸಂಗೀತಗಾರ ಮೆಟ್ನರ್ ಅವರ ಪಿಯಾನೊ ಕೃತಿಗಳನ್ನು ಲಂಡನ್ನಿನಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಗೆ ಧ್ವನಿಮುದ್ರಣ ಮಾಡಿಸಿದರು. ಹೀಗೆ ಒಂದೇ ಊರಿನ ಎಳೆಯಲ್ಲಿ ಠುಮ್ರಿ, ಕರ್ನಾಟಕ ಸಂಗೀತ, ಪಾಶ್ಚಾತ್ಯ ಪಿಯಾನೊ ಮೂರೂ ಬಂದವು. ಲೇಬಲ್ಲಿನ ಹೆಸರನ್ನೂ ಗಮನವಿಟ್ಟು ಓದಬೇಕು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ತಟ್ಟೆಗಳಲ್ಲಿ ಇರುವುದು ‘ಗಾಂಧಾರಿ’ ಎಂದು. ಹೆಸರು ಗೊತ್ತಿಲ್ಲದವರು ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತಾರೆ.

ಬೆಂಗಳೂರಿನ ಸಂಡೇ ಬಜಾರಿಗಾಗಲಿ ಮುಂಬೈಯ ಚೋರ್ ಬಜಾರಿಗಾಗಲಿ ಹೋಗುವಾಗ ಜೇಬಿನಲ್ಲೊಂದು ಸಣ್ಣ ಟಾರ್ಚು ಇರಲಿ. ತಟ್ಟೆಯನ್ನು ಅಂಚು, ಲೇಬಲ್ಲಿನಲ್ಲಷ್ಟೇ ಹಿಡಿದು ಬೆಳಕನ್ನು ಓರೆಯಾಗಿ ಬಿಡಿ. ಕಣ್ಣಿಗೆ ಕಂಡರೂ ಉಗುರಿಗೆ ತಾಕದ ಗೀರು ಹೆಚ್ಚಾಗಿ ಸಣ್ಣ ಸದ್ದಿನಲ್ಲೇ ಮುಗಿಯುತ್ತದೆ. ಉಗುರಿಗೆ ತಾಕಿದರೆ ಮುಳ್ಳು ಟಕ್ ಟಕ್ ಎನ್ನುತ್ತದೆ, ಇಲ್ಲವೇ ಹಾರುತ್ತದೆ. ಲೇಬಲ್ಲಿನ ತೂತಿನ ಸುತ್ತ ಜೇಡನ ಬಲೆಯಂತೆ ಗುರುತಿದ್ದರೆ ಬಹಳ ಸಲ ಹಾಕಿ ತೆಗೆದ ತಟ್ಟೆ. 78 ಬೂದಿಬಣ್ಣಕ್ಕೆ ತಿರುಗಿದ್ದರೆ ಉಕ್ಕಿನ ಮುಳ್ಳು ಸಂಗೀತವಿರುವ ಗೆರೆಗಳನ್ನು ತಿಂದಿದೆ ಎಂದರ್ಥ, ಎಷ್ಟು ತೊಳೆದರೂ ಸರಿಹೋಗುವುದಿಲ್ಲ.

ಮೋಸ ಹೋಗುವುದು ಹೊಳೆಯುವ ಎಲ್‌ಪಿಯಲ್ಲಿ. ಭಾರದ ತೋಳಿನ ಹಳೇ ಪ್ಲೇಯರಿನಲ್ಲಿ ಸವೆದ ಮುಳ್ಳಿನಿಂದ ನುಡಿಸಿದ ತಟ್ಟೆ ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ. ಹಾಕಿ ಕೇಳಿಸಿ ಎನ್ನಬೇಕು, ಅದೂ ಕೊನೆಯ ಹಾಡನ್ನು. ಹೊರ ಅಂಚಿನಲ್ಲಿ ಗೆರೆ ಸೆಕೆಂಡಿಗೆ ಅರ್ಧ ಮೀಟರ್ ಓಡಿದರೆ ಲೇಬಲ್ ಹತ್ತಿರ ಅದು 20 ಸೆಂ.ಮೀ. ಚಿಲ್ಲರೆ. ಅಷ್ಟೇ ಜಾಗದಲ್ಲಿ ಅಷ್ಟೂ ಸ್ವರ ಕೂರಬೇಕು, ಹಾಗಾಗಿ ಸವೆತದ ಕರಕರ ಮೊದಲು ಕೇಳುವುದು ಅಲ್ಲೇ. ಸ, ಷ ಸಿಡಿದರೆ ಬಿಟ್ಟುಬಿಡಿ.

ಅಮೆರಿಕದಿಂದ ನೆಂಟರು ತಂದುಕೊಡುವ ಹಳೇ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್) ಇನ್ನೊಂದು ಹಳ್ಳ. 110 ವೋಲ್ಟಿಗೆ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕು ಎಂದುಕೊಳ್ಳುತ್ತೇವೆ. ಆದರೆ ಕರೆಂಟಿನ ಹರ್ಟ್ಸ್‌ಗೆ ತಕ್ಕಂತೆ ತಿರುಗುವ ಎಸಿ ಸಿಂಕ್ರೊನಸ್ ಮೋಟರಿನದಾದರೆ ಅದು 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮ 50 ಹರ್ಟ್ಸ್‌ನಲ್ಲಿ 33⅓ ಸುತ್ತು ಹೋಗಿ ಸುಮಾರು 28 ಆಗುತ್ತದೆ, ಶ್ರುತಿ ಷಡ್ಜದಿಂದ ಸಾಧಾರಣ ಗಾಂಧಾರದಷ್ಟು ಅಂತರ ಕೆಳಗಿಳಿಯುತ್ತದೆ. 50 ಹರ್ಟ್ಸ್‌ನ ಪುಲ್ಲಿ ಸಿಗದಿದ್ದರೆ ಕೊಳ್ಳಬೇಡಿ. ವೇಗ ನೋಡಲು ಸುತ್ತಲೂ ಸಮ ಅಂತರದಲ್ಲಿ 180 ಗೆರೆ ಅಚ್ಚಾದ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು ಚೋಕ್ ಇರುವ ಹಳೇ ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ, ಗೆರೆಗಳು ನಿಂತಂತೆ ಕಂಡರೆ 33⅓ ಸರಿ. ಈಗಿನ ಬಹಳಷ್ಟು ಎಲ್‌ಇಡಿ ಬಲ್ಬುಗಳಲ್ಲಿ ಇದು ನಡೆಯುವುದಿಲ್ಲ. ತೀರ ಹಳೆಯ 78ಗಳು ನಿಜಕ್ಕೂ 78 ಅಲ್ಲ; ಕೆಲವು 70ರ ಸುಮಾರು, ಕೆಲವು 80ರ ಮೇಲೆ. ಹಾಗಾಗಿ ವೇಗ ಹೊಂದಿಸಬಲ್ಲ ಪ್ಲೇಯರೇ ಬೇಕು.

ಎಲ್‌ಪಿ ಮುಳ್ಳಿನ ತುದಿ 18–25 ಮೈಕ್ರಾನ್, 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳನ್ನು 78ರಲ್ಲಿ ಇಳಿಸಿದರೆ ಗೆರೆಯ ತಳದ ಕಸದಲ್ಲಿ ಓಡಾಡಿ ಬರೀ ಸಿಡಿತ ಕೇಳಿಸುತ್ತದೆ. ಆಡಿಯೊ ಟೆಕ್ನಿಕಾ ವಿಎಂ95ರಂಥ ಕಾರ್ಟ್ರಿಜ್ (ತೋಳಿನ ತುದಿಯಲ್ಲಿ ಮುಳ್ಳು ಹಿಡಿದಿರುವ ಭಾಗ) ಇದ್ದರೆ ಮೈ ಹಾಗೇ ಇಟ್ಟು ಮುಳ್ಳು ಮಾತ್ರ ಬದಲಿಸಬಹುದು. ಎಲ್‌ಪಿಯ ಮೇಲೆ ಮುಳ್ಳಿಗೆ 2 ಗ್ರಾಂ ಭಾರ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಅಳೆದೇ ಇಡುತ್ತೇನೆ. ಭಾರ ಕಡಿಮೆಯಿದ್ದರೆ ತಟ್ಟೆ ಉಳಿಯುತ್ತದೆ ಎನ್ನುವುದು ತಪ್ಪು. ಮುಳ್ಳು ಗೆರೆಯೊಳಗೆ ಕುಣಿದು ಗೋಡೆ ಕೆಡಿಸುತ್ತದೆ. 78 ಮತ್ತು ಮೋನೊ ಎಲ್‌ಪಿ ಹಾಕುವಾಗ ಆಂಪ್ಲಿಫೈಯರಿನ ಮೋನೊ ಗುಂಡಿ ಒತ್ತಿ, ಅರ್ಧಕ್ಕರ್ಧ ಗದ್ದಲ ಇಳಿದಂತೆ ಕೇಳುತ್ತದೆ. ಎಚ್‌ಎಂವಿ ಸಂಖ್ಯೆಯ ಮುಂದೆ ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮೋನೊ, ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ.

ತೊಳೆಯಲು ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವ ಎರಡೇ ಹನಿ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಸುಣ್ಣ ಗೆರೆಯಲ್ಲೇ ಕೂರುತ್ತದೆ. ಎಣ್ಣೆಗೈ ತಾಗಿದ ಎಲ್‌ಪಿಗೆ ಈ ನೀರಿನಲ್ಲಿ ನೂರಕ್ಕೆ ಹತ್ತು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸುತ್ತೇನೆ. 78ಕ್ಕೆ ಮಾತ್ರ ಆಲ್ಕೊಹಾಲ್ ಒಂದು ತೊಟ್ಟೂ ತಾಗಬಾರದು, ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಮೃದು ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಣಗಿಸಿ. ಫ್ಯಾನ್ ಹಾಕಬೇಡಿ, ಧೂಳು ಅಂಟುತ್ತದೆ. ಬೂಷ್ಟು ಹಿಡಿದ ತಟ್ಟೆಯನ್ನು ತೊಳೆದು ಮತ್ತೆ ಅದೇ ಒಳಕವರಿಗೆ ಹಾಕಿದರೆ ತೊಳೆದದ್ದು ದಂಡ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಕಪಾಟು ತೆರೆದು ನೋಡಬೇಕು.

ಎಲ್ಲವೂ ನೆಟ್ಟಗೆ ನಿಲ್ಲಬೇಕು. ಒಂದು ಅಡಿ ಉದ್ದದ ಎಲ್‌ಪಿ ಸಾಲು 16–20 ಕೆಜಿ ತೂಗುತ್ತದೆ, ಪುಸ್ತಕದ ತೆಳು ಹಲಗೆ ಬಾಗುತ್ತದೆ. ಪಿವಿಸಿ ಹೊರಕವರು ಸೆಖೆಗೆ ಬೆವತು ತಟ್ಟೆಯ ಮೇಲೆ ಮಂಜಿನಂಥ ಕಲೆ ಬಿಡುತ್ತದೆ, ಪಾಲಿಪ್ರೊಪಿಲೀನ್ ಆಗಬಹುದು. ಬಾಗಿದ ಎಲ್‌ಪಿಯನ್ನು ಬಿಸಿಲಿಗಿಡಬೇಡಿ. ಎರಡು ದಪ್ಪ ಗಾಜಿನ ನಡುವೆ ಭಾರ ಹೇರಿ ಕೆಲವು ವಾರ ಬಿಟ್ಟರೆ ಒಂದಿಷ್ಟು ನೇರವಾಗುತ್ತದೆ.

ಬೇರೆ ಊರಿನಿಂದ ತರಿಸುವಾಗ ಎಲ್‌ಪಿಯನ್ನು ರಟ್ಟಿನ ಕವರಿನಿಂದ ಹೊರತೆಗೆದು, ಪಕ್ಕಕ್ಕಿಟ್ಟು ಕಟ್ಟಲು ಹೇಳಿ. ಒಳಗೇ ಇದ್ದರೆ ಪಾರ್ಸೆಲ್ ಬಿದ್ದಾಗ ತಟ್ಟೆಯ ಅಂಚು ಕವರಿನ ಅಂಟು ಸೀಳಿ ಹೊರಬರುತ್ತದೆ. 78 ಆದರೆ ಎರಡೂ ಕಡೆ ರಟ್ಟು, ಪ್ರತಿ ತಟ್ಟೆಯ ನಡುವೆಯೂ ರಟ್ಟು, ಆ ಡಬ್ಬ ಇನ್ನೊಂದು ಡಬ್ಬದೊಳಗೆ, ಸುತ್ತ ಎರಡು ಇಂಚು ಕಾಗದದ ಉಂಡೆ.