ಮಸ್ಟಾಂಗ್‌ಗೆ ಮೊದಲು ಬ್ರೇಕ್, ಪವರ್ ಆಮೇಲೆ

ಎಂಜಿನ್‌ಗೆ ಗಾಳಿ ಒತ್ತಿ ಪವರ್ ಏರಿಸುವ ಸೂಪರ್‌ಚಾರ್ಜರ್ ಹಾಕಿಸದೆ ಮಸ್ಟಾಂಗ್ ಜಿಟಿಯನ್ನು ಟ್ರ್ಯಾಕ್‌ಗೆ ಒಯ್ದರೆ ದುಡ್ಡು ದಂಡ ಅಂತ ಶಿವಮೊಗ್ಗದ ಗೆಳೆಯರಲ್ಲಿ ಹೇಳದವರಿಲ್ಲ. ನನ್ನ ಗಾಡಿಯ 5 ಲೀಟರ್ ವಿ8 ಎಂಜಿನ್ ಇದ್ದ ಹಾಗೇ ಇದೆ, ಟ್ಯೂನ್ ಕೂಡ ಮಾಡಿಸಿಲ್ಲ. ನಾನು ಮೊದಲು ಕೈ ಹಾಕಿದ್ದು ಬ್ರೇಕ್‌ಗೆ. ಅದಕ್ಕೂ ಮುಂಚೆ ಕೊಯಮತ್ತೂರಿನ ‘ಕರಿ ಮೋಟರ್ ಸ್ಪೀಡ್‌ವೇ’ ರೇಸ್ ಟ್ರ್ಯಾಕ್‌ನಲ್ಲಿ ನಾಲ್ಕನೇ ಲ್ಯಾಪಿಗೇ ಬ್ರೇಕ್ ಪೆಡಲ್ ನೆಲಕ್ಕೆ ಇಳಿಯುತ್ತಿತ್ತು. ಈಗ ಸತತ 10-12 ಲ್ಯಾಪ್ ಹೊಡೆದರೂ ಕಲ್ಲಿನ ಹಾಗೆ ನಿಲ್ಲುತ್ತದೆ. ಲ್ಯಾಪ್ ಟೈಮ್ ಅಂದಾಜು 4 ಸೆಕೆಂಡ್ ಕಡಿಮೆಯಾಗಿದೆ.

ಕರಿ ಸುಮಾರು 2 ಕಿ.ಮೀ. ಟ್ರ್ಯಾಕ್. ನೇರ ದಾರಿ ಚಿಕ್ಕದು, ಗಾಡಿ 1,700 ಕಿಲೋ ದಾಟಿದ್ದು. ಒಂದು ತಿರುವಿನಲ್ಲಿ ಬ್ರೇಕ್‌ಗೆ ಏರಿದ ಕಾವು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ನಾನು ಮಾಡಿದ ದೊಡ್ಡ ತಪ್ಪು, ರೇಸ್ ಪ್ಯಾಡ್‌ಗೆ ಕಸ್ಟಮ್ಸ್ ಸೇರಿ 40 ಸಾವಿರದ ಹತ್ತಿರ ಸುರಿದು, ಬ್ರೇಕ್ ಆಯಿಲ್ ಹಳೆಯದನ್ನೇ ಬಿಟ್ಟಿದ್ದು. ಪ್ಯಾಡ್ ತಡೆದುಕೊಂಡಿತು, ಆಯಿಲ್ ಕುದಿಯಿತು. ಕಾರುಗಳಿಗೆ ಸಾಮಾನ್ಯವಾಗಿ ಹಾಕುವ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರಬೇಕು. ಗಾಳಿಯ ತೇವದಿಂದ ನೀರು ಹೀರಿದ ಮೇಲೆ ಆ ಮಿತಿ 155. ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಬಾಯಿ ತೆರೆದ ಡಬ್ಬಿ ಎಷ್ಟು ದಿನ ತಾಳೀತು? ಅರ್ಧ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುವುದನ್ನೇ ಬಿಟ್ಟೆ. ಈಗ 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್, ಅರ್ಧ ಲೀಟರ್‌ನ ಎರಡು ಬಾಟಲಿ, ಒಂದೊಂದಕ್ಕೆ ಎರಡೂವರೆ-ಮೂರು ಸಾವಿರ. ಟ್ರ್ಯಾಕ್‌ಗೆ ಹೊರಡುವ ವಾರವೇ ಬ್ಲೀಡಿಂಗ್, ಅಂದರೆ ಹಳೆ ಆಯಿಲ್, ಗಾಳಿ ಎಲ್ಲ ಹೊರಗೆ ತೆಗೆಯುವುದು. ಟ್ಯೂಬಿನಲ್ಲಿ ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಬಣ್ಣ ಬಂದ ಕೂಡಲೇ ನಿಲ್ಲಿಸಬೇಡಿ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ ರಬ್ಬರ್ ಸುತ್ತಿಗೆಯಿಂದ ನಾಲ್ಕು ಸಲ ತಟ್ಟಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹೊರಬರುತ್ತವೆ. ಪೆಡಲ್ ಮೆತ್ತಗಾಗುವುದು ಅವುಗಳಿಂದಲೇ.

ಆಮೇಲೆ ಬ್ರೇಕ್ ತಣಿಸುವ ಗಾಳಿ. ಬಂಪರ್‌ನಿಂದ ಡಿಸ್ಕ್‌ಗೆ 3 ಇಂಚಿನ ಹೋಸ್. ಮೊದಲು ಹಾಕಿದ ಪ್ಲಾಸ್ಟಿಕ್ ಹೋಸ್ ಡಿಸ್ಕ್ ಕಡೆ ಕರಗಿತು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಉಳಿದದ್ದನ್ನು ತಿಂದಿತು. ಈಗಿನದು ಗ್ಲಾಸ್‌ಫೈಬರ್ ಮೇಲೆ ಸಿಲಿಕೋನ್. ಹೋಸ್ ತುದಿಯನ್ನು ಡಿಸ್ಕ್ ಹತ್ತಿರ ಹಿಡಿಯುವ ಅಲ್ಯೂಮಿನಿಯಂ ಪ್ಲೇಟ್ ಮಾಚೇನಹಳ್ಳಿಯ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಅದರ ಅಳತೆ ನನ್ನಲ್ಲೇ ಇರಲಿ. ಇಷ್ಟು ಮಾತ್ರ ಹೇಳುತ್ತೇನೆ: ಗಾಳಿ ಡಿಸ್ಕಿನ ಒಂದು ಮುಖಕ್ಕೆ ಹೊಡೆಯಬಾರದು, ನಡುವಿನ ತೂತಿನ ಕಡೆಯಿಂದ ಎರಡು ಮುಖಗಳ ನಡುವಿನ ಸಂದಿಗೆ ಹೋಗಬೇಕು. ಒಂದೇ ಮುಖ ತಣ್ಣಗಾದರೆ ಡಿಸ್ಕ್ ಬಿರುಕು ಬಿಡುತ್ತದೆ. ಊರಿಗೆ ಬಂದ ಮೇಲೆ ಹೋಸ್ ಬಾಯಿಗೆ ಮುಚ್ಚಳ ಹಾಕಿ. ಆಗುಂಬೆಯ 14 ತಿರುವು ಇಳಿದು ಕಾದ ಡಿಸ್ಕಿಗೆ ಮಳೆನೀರು ನುಗ್ಗಿದರೆ ಮುಗಿಯಿತು.

ನಡುವೆ ಒಂದು ಇಂಚು ತಗ್ಗಿಸುವ ಸ್ಪ್ರಿಂಗ್ ಹಾಕಿ ನೋಡಿದೆ. ಹಳ್ಳಿ ಹಂಪ್‌ಗಳಿಗೆಲ್ಲ ಮೂತಿ ಉಜ್ಜಿತು. ಬಿಚ್ಚಿಟ್ಟೆ, 30 ಸಾವಿರ ಹೋಯಿತು. ಆ ದುಡ್ಡಿಗೆ ಚಕ್ರದ ಓರೆ (ಕ್ಯಾಂಬರ್) ಹೊಂದಿಸುವ ಕ್ಯಾಂಬರ್ ಪ್ಲೇಟ್‌ ತಗೊಂಡಿದ್ದರೆ ಎರಡು ಟೈರ್ ಉಳಿಯುತ್ತಿತ್ತು: ಎರಡೇ ಟ್ರ್ಯಾಕ್ ದಿನಕ್ಕೆ ಮುಂದಿನ ಟೈರ್‌ಗಳ ಹೊರ ಅಂಚು ನುಣ್ಣಗಾಗಿತ್ತು, ಒಳ ಅಂಚು ಹೊಸದರ ಹಾಗೇ ಇತ್ತು. ಈಗ ಮುಂದಿನ ಚಕ್ರಗಳ ಕ್ಯಾಂಬರ್ ಮೈನಸ್ 2 ಡಿಗ್ರಿ ಹತ್ತಿರ ಇದೆ, ಅಂದರೆ ಚಕ್ರದ ತಲೆ ಅಷ್ಟು ಒಳಕ್ಕೆ ಓರೆ. ಅಲೈನ್‌ಮೆಂಟ್ ಕಂಪ್ಯೂಟರ್ ಕೆಂಪು ತೋರಿಸುತ್ತದೆ, ಹುಡುಗರು ಸರಿಮಾಡಲು ಹೊರಡುತ್ತಾರೆ. ಪಕ್ಕದಲ್ಲೇ ನಿಂತು ಬೇಡವೆನ್ನಬೇಕು. ಮುಂದಿನ ಟೈರ್‌ಗಳ ಗಾಳಿ, ಟೈರ್ ತಣ್ಣಗಿರುವಾಗ 28 ಪಿಎಸ್‌ಐ, ಟ್ರ್ಯಾಕ್ ಬದಿಯ ಪಿಟ್‌ಗೆ ಬಂದ ಕೂಡಲೇ ಅಳೆದರೆ 34. ಹಿಂದಿನ ಚಕ್ರದ ಲೆಕ್ಕ ಬೇರೆ, ಅದನ್ನು ನೀವೇ ಹುಡುಕಿಕೊಳ್ಳಿ.

ವೀಲ್ ನಟ್ ಬಿಗಿ 204 ನ್ಯೂಟನ್ ಮೀಟರ್, ಮೊದಲ ಸಲ ಟ್ರ್ಯಾಕ್‌ನಿಂದ ಬಂದು ಚಕ್ರ ಆರಿದ ಮೇಲೆ ಮತ್ತೊಮ್ಮೆ ನೋಡಿ. ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ ನಿಧಾನ ಓಡಿಸಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಪ್ಯಾಡ್ ಡಿಸ್ಕಿಗೆ ಅಚ್ಚೊತ್ತುತ್ತದೆ. ಗೇರ್ ಪಾರ್ಕ್‌ಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ.